ದಂಡಿನ ಹುಡುಗರೂ ರೋವರ್ಸ್ ಕಪ್ಪೂ

ನಮ್ಮ ದೇಶದ ರಾಜ್ಯ ರಾಜ್ಯಗಳ ನಡುವೆ ನಡೆಯುವ ಕಾಲ್ಚೆಂಡಾಟದ ಪಂದ್ಯಾವಳಿಗೆ ಸಂತೋಷ್ ಟ್ರೋಫಿ ಎಂದು ಹೆಸರು. 1941ರಲ್ಲಿ ಮೊದಲಾದ ಈ ಪಂದ್ಯಾವಳಿಯಲ್ಲಿ ಗೆದ್ದವರ ಪಟ್ಟಿಯನ್ನು ನೀವು ಎಂದಾದರೂ ಮೇಲಿನಿಂದ ಕೆಳಗಿನವರೆಗೆ ಓದಿದ್ದೀರೋ ಇಲ್ಲವೋ ಕಾಣೆ. ಬಂಗಾಳ, ಮತ್ತೆ ಬಂಗಾಳ ಎಂದು ಸಾಗುವ ಆ ಪಟ್ಟಿಯಲ್ಲಿ ನಾಲ್ಕು ಕಡೆ ‘ಮೈಸೂರು’ ಎಂಬ ಹೆಸರು ಅಚ್ಚಾಗಿದೆ: 1946-47, 1952-53, 1967-68, 1968-69. ಈ ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಬಂಗಾಳವೇ.

ವಿಜಯನಗರದ ಮನೆಯ ಹಜಾರದಲ್ಲಿ ಕುಳಿತು ಇದನ್ನು ಓದುತ್ತಿರುವ ನಿಮಗೆ, ‘ಅರೆ, ನಮ್ಮೂರು!’ ಎನ್ನಿಸಿದರೆ ಅದು ಸಹಜ. ಆದರೆ ಅದು ರಾಜ್ಯದ ಹೆಸರು, ಊರಿನದಲ್ಲ. 1973ರ ನವೆಂಬರ್ ಒಂದರವರೆಗೆ ನಮ್ಮ ರಾಜ್ಯಕ್ಕೇ ಮೈಸೂರೆಂಬ ಹೆಸರಿತ್ತಷ್ಟೆ. ಆ ಹೆಸರಿನಲ್ಲಿ ಆಡಿ ಗೆದ್ದ ಹುಡುಗರಲ್ಲಿ ಬಹುಪಾಲು ಜನ ಬೆಂಗಳೂರಿನವರು. ಬೆಂಗಳೂರೆಂದರೂ ಚಿಕ್ಕಪೇಟೆ, ಬಳೇಪೇಟೆಗಳ ಬೆಂಗಳೂರಲ್ಲ. ಅದರಾಚೆಯ ದಂಡು ಪ್ರದೇಶ. ನಮ್ಮ ಮೈಸೂರು ನಗರಕ್ಕೆ ಗರಡಿಯ ಮಣ್ಣು ಪ್ರಿಯ, ದಸರೆಯ ಕುಸ್ತಿ ಪ್ರಿಯ. ಕಾಲ್ಚೆಂಡಿನ ಹುಚ್ಚು ಹತ್ತಿದ್ದು ದಂಡಿಗೆ.

ಆ ದಂಡಿಗೂ ನಮಗೂ ಒಂದು ಹಳೆಯ ನಂಟುಂಟು. ಟೀಪುವಿನ ಪತನವಾದ ಮೇಲೆ ಇಂಗ್ಲಿಷರ ಪಡೆ ಮೊದಲು ಬೀಡು ಬಿಟ್ಟದ್ದು ಇಲ್ಲೇ ಪಕ್ಕದ ಶ್ರೀರಂಗಪಟ್ಟಣದಲ್ಲಿ. ಅಲ್ಲಿಯ ಸೊಳ್ಳೆಯ ಕಾಟ, ಚಳಿಜ್ವರ ತಡೆಯಲಾರದೆ 1809ರ ಹೊತ್ತಿಗೆ ಅದು ಹಲಸೂರಿನ ಕಡೆಗೆ ಗುಡಾರ ಕಿತ್ತಿತು. ಪಡೆಯ ಹಿಂದೆ ಅಡಿಗೆಯವರು, ದರ್ಜಿಗಳು, ಗಾಡಿಯವರು, ಕಸಾಯಿಗಳು, ಮೇಸ್ತ್ರಿಗಳು ಹೋದರು. ತಮಿಳು ನಾಡಿನ ಕಡೆಯಿಂದ ಇನ್ನೂ ಹೆಚ್ಚಿನ ಜನ ಬಂದರು. ಹೀಗೆ ಬೆಳೆದ ಕೇರಿಗಳ ಮಕ್ಕಳು ಬೇಲಿಯಾಚೆ ನಿಂತು ಗೋರಾ ಸಿಪಾಯಿಗಳು ಚೆಂಡು ಒದೆಯುವುದನ್ನು ನೋಡಿದರು. ನೋಡಿದ್ದನ್ನು ತಮ್ಮ ಕೇರಿಯ ಬಯಲಿನಲ್ಲಿ ತಾವೂ ಆಡಿದರು. ಬೂಟು ಕೊಳ್ಳಲು ಕಾಸಿರಲಿಲ್ಲ, ಬರಿಗಾಲಲ್ಲೇ ಆಡಿದರು. ಬೆಂಗಳೂರಿನ ಬಯಲು ವರ್ಷದಲ್ಲಿ ಹಲವು ತಿಂಗಳು ಕಲ್ಲಿನಂತೆ ಗಟ್ಟಿ. ಅಂಥ ನೆಲದ ಮೇಲೆ ಭಾರದ ಬೂಟಿಗಿಂತ ಬರಿಗಾಲು ಚುರುಕು. ಚೆಂಡು ಬೆರಳಿನ ಮಾತು ಕೇಳುತ್ತದೆ. ಮಳೆ ಬಂದು ಕೆಸರಾದರೆ ಮಾತ್ರ ಬರಿಗಾಲಿನವನ ಪಾಡು ಹೇಳತೀರದು.

ಈ ಕೇರಿಗಳಿಂದ ಎದ್ದ ಕ್ಲಬ್ಬುಗಳಲ್ಲಿ ಒಂದರ ಹೆಸರು ಬೆಂಗಳೂರ್ ಮುಸ್ಲಿಮ್ಸ್. ಇಂದಿನ ನನ್ನ ಮಾತಿನ ಹೆಚ್ಚಿನ ಪಾಲು ಈ ಕ್ಲಬ್ಬಿಗೇ ಮೀಸಲು.

ಮುಂಬಯಿಯಲ್ಲಿ ರೋವರ್ಸ್ ಕಪ್ಪು ಎಂಬ ಪಂದ್ಯಾವಳಿ 1891ರಲ್ಲಿ ಆರಂಭವಾಯಿತು. ಅದು ದೇಶದ ಅತಿ ಹಳೆಯ ಪಂದ್ಯಾವಳಿಗಳಲ್ಲೊಂದು. ವರ್ಷ ವರ್ಷವೂ ಯಾವುದಾದರೊಂದು ಬಿಳಿಯರ ಪಡೆ ಬಂದು ಕಪ್ಪನ್ನು ಎತ್ತಿಕೊಂಡು ಹೋಗುವುದು ವಾಡಿಕೆಯಾಗಿಬಿಟ್ಟಿತ್ತು. 1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ಪಡೆಯನ್ನು ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದ ಕಥೆ ಶಾಲೆಯ ಹುಡುಗರಿಗೂ ಗೊತ್ತು. ಆದರೆ ರೋವರ್ಸ್ ಕಪ್ಪು ಅದಾದ ಮೇಲೂ 26 ವರ್ಷ ಭಾರತೀಯರ ಕೈಗೆ ಸಿಕ್ಕಲಿಲ್ಲ. ಸಿಕ್ಕಿದ್ದು 1937ರಲ್ಲಿ. ಅದನ್ನು ಗೆದ್ದು ತಂದವರು ಕಲ್ಕತ್ತೆಯವರಲ್ಲ, ಮುಂಬಯಿಯವರೂ ಅಲ್ಲ; ಈ ಬೆಂಗಳೂರ್ ಮುಸ್ಲಿಮ್ಸ್ ತಂಡದವರು.

ಆ ವರ್ಷದ ಅಂತಿಮ ಪಂದ್ಯದಲ್ಲಿ ಅವರ ಎದುರು ನಿಂತದ್ದು ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್. ಅದೇನು ಸಾಮಾನ್ಯ ತಂಡವೆಂದು ತಿಳಿಯಬೇಡಿ. 1934ರಿಂದ 1938ರವರೆಗೆ ಐದು ವರ್ಷ ಒಂದೇ ಸಮನೆ ಕಲ್ಕತ್ತೆ ಲೀಗನ್ನು ಗೆದ್ದ ತಂಡ ಅದು. ಮಳೆಗಾಲದ ಕೆಸರಿನಲ್ಲಿ ತನ್ನ ಆಟಗಾರರಿಗೆ ಬೂಟು ತೊಡಿಸುವ ಜಾಣತನವನ್ನು ಮೊದಲೇ ಕಂಡುಕೊಂಡಿದ್ದ ತಂಡ. ಅದನ್ನು ನಮ್ಮವರು ಒಂದು ಗೋಲಿನಿಂದ ಸೋಲಿಸಿದರು. ಮರುವರ್ಷ 1938ರಲ್ಲಿ ಎದುರಿಗೆ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ಪಡೆ. ಅವರನ್ನು 3-2ರಿಂದ ಸೋಲಿಸಿ ಕಪ್ಪನ್ನು ಉಳಿಸಿಕೊಂಡರು. 1940ರಲ್ಲಿ ಮತ್ತೆ ಅಂತಿಮ ಪಂದ್ಯಕ್ಕೆ ಬಂದಾಗ ಮಹಮ್ಮಡನ್ ಸ್ಪೋರ್ಟಿಂಗ್ ಹಳೆಯ ಸಾಲ ತೀರಿಸಿಕೊಂಡಿತು. 1948ರಲ್ಲಿ ಮೋಹನ್ ಬಾಗಾನನ್ನು ಒಂದು ಗೋಲಿನಿಂದ ಸೋಲಿಸಿ ಬೆಂಗಳೂರ್ ಮುಸ್ಲಿಮ್ಸ್ ಮೂರನೆಯ ಬಾರಿ ರೋವರ್ಸ್ ಕಪ್ಪನ್ನೆತ್ತಿತು.

ಕಾಲದ ಅಂದಾಜು ನಿಮಗೆ ಸಿಗಲೆಂದು ಒಂದು ಮಾತು. 1937ರಲ್ಲಿ ವಿಜಯನಗರ ಬಡಾವಣೆ ಇನ್ನೂ ಹುಟ್ಟಿರಲಿಲ್ಲ. ಅದಕ್ಕೆ ಎರಡು ವರ್ಷ ಹಿಂದೆ, 1935ರಲ್ಲಿ, ನಿಮಗೆ ಕೂಗಳತೆಯ ದೂರದ ಒಂಟಿಕೊಪ್ಪಲಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ‘ವಿಟ್ಠಲ ವಿಹಾರ’ದಲ್ಲಿ ಬಾನುಲಿ ಕೇಂದ್ರ ತೆರೆದಿದ್ದರು. ಅಲ್ಲಿ ಸಂಗೀತವಿತ್ತು, ಭಾಷಣವಿತ್ತು. ಮುಂಬಯಿಯ ಕೂಪರೇಜ್ ಬಯಲಿನಲ್ಲಿ ಬರಿಗಾಲಿನ ಕಾಲ್ಚೆಂಡಾಟ ನಡೆಯುವಾಗ ಅದರ ಕೂಗು ಇಲ್ಲಿಯವರೆಗೆ ಕೇಳಿಸುವ ಕಾಲ ಇನ್ನೂ ಬಂದಿರಲಿಲ್ಲ.

ಇಷ್ಟೆಲ್ಲ ಗೆದ್ದ ಕ್ಲಬ್ಬು ಮುಂದೇನಾಯಿತು ಎಂದು ನೀವು ಕೇಳುತ್ತೀರಿ. ಅದನ್ನು ತಿಳಿಯಬೇಕಾದರೆ ಒಬ್ಬ ಆಟಗಾರನ ಹಿಂದೆ ಹೋಗೋಣ. ಅಹಮದ್ ಖಾನ್ ಎಂದು ಆತನ ಹೆಸರು. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡವರು. ಬೆಂಗಳೂರ್ ಮುಸ್ಲಿಮ್ಸ್ ತಂಡದಲ್ಲಿ ಆಡಿ ಹೆಸರು ಮಾಡಿದವರು. 1948ರ ಲಂಡನ್ ಒಲಿಂಪಿಕ್ಸಿಗೆ ಸ್ವತಂತ್ರ ಭಾರತದ ಮೊದಲ ತಂಡ ಹೋಯಿತಲ್ಲ, ಅದರಲ್ಲಿ ಅವರಿದ್ದರು. ಅವರೊಬ್ಬರೇ ಅಲ್ಲ, ಗೋಲಿ ವರದರಾಜ್, ಬಷೀರ್, ವಜ್ರವೇಲು, ಧನರಾಜ್, ಸಾರಂಗಪಾಣಿ ರಾಮನ್ ಎಂದು ನಮ್ಮ ಕಡೆಯವರ ದೊಡ್ಡ ಗುಂಪೇ ಇತ್ತು.

ಲಂಡನ್ನಿನಲ್ಲಿ ನಮ್ಮವರು ಆಡಿದ್ದು ಒಂದೇ ಪಂದ್ಯ, ಫ್ರಾನ್ಸಿನ ಮೇಲೆ, ಜುಲೈ 31ರಂದು. ಹೆಚ್ಚಿನವರು ಬರಿಗಾಲಿನಲ್ಲೇ ಆಡಿದರು. ಫ್ರೆಂಚರು ಮೊದಲು ಗೋಲು ಹೊಡೆದರು. ಎರಡನೆಯ ಅರ್ಧದಲ್ಲಿ ರಾಮನ್ ಸಮ ಮಾಡಿದರು. ಸ್ವತಂತ್ರ ಭಾರತದ ಲೆಕ್ಕಕ್ಕೆ ಸೇರಿದ ಮೊದಲ ಅಂತರರಾಷ್ಟ್ರೀಯ ಗೋಲು ಅದು, ಬೆಂಗಳೂರಿನ ಕಾಲಿನಿಂದ ಹೊರಟದ್ದು. ಎರಡು ಪೆನಾಲ್ಟಿಗಳು ಸಿಕ್ಕಿದ್ದವು, ಎರಡೂ ಕೈತಪ್ಪಿದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಆ ಎರಡು ಪೆನಾಲ್ಟಿಗಳನ್ನು ನೆನೆದು ಹಳಬರು ಇಂದಿಗೂ ಹಲುಬುವುದುಂಟು. ಪಂದ್ಯವೆಂದ ಮೇಲೆ ಅಂಥದೊಂದು ಕೊರಗು ಇದ್ದೇ ಇರುತ್ತದೆ, ಇರಲಿ.

1949ರಲ್ಲಿ ಅಹಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೊರಟುಹೋದರು. ಧನರಾಜರೂ ಅದೇ ಕ್ಲಬ್ಬಿನಲ್ಲಿದ್ದರು. ಇವರಿಬ್ಬರು, ಅಪ್ಪಾರಾವ್, ವೆಂಕಟೇಶ್, ಸಾಲೆ, ಹೀಗೆ ಈಸ್ಟ್ ಬೆಂಗಾಲಿನ ಮುಂಪಂಕ್ತಿಯ ಐವರಿಗೆ ಕಲ್ಕತ್ತೆಯ ಜನ ಇಟ್ಟ ಹೆಸರು ‘ಪಂಚಪಾಂಡವರು’. ತಮಾಷೆಯೆಂದರೆ ಈ ಪಾಂಡವರಲ್ಲಿ ಬಂಗಾಳಿ ಒಬ್ಬನೂ ಇರಲಿಲ್ಲ, ಎಲ್ಲರೂ ದಕ್ಷಿಣದವರು. ಆ 1949ರಲ್ಲೇ ಈಸ್ಟ್ ಬೆಂಗಾಲ್ ಲೀಗು, ಷೀಲ್ಡು, ರೋವರ್ಸ್ ಕಪ್ಪು ಮೂರನ್ನೂ ಗೆದ್ದಿತು. ಒಂದು ವರ್ಷದ ಹಿಂದೆ ಬೆಂಗಳೂರಿನ ಮನೆಯಲ್ಲಿದ್ದ ಕಪ್ಪು ಬೆಂಗಳೂರಿನ ಹುಡುಗನ ಜತೆಯಲ್ಲೇ ಕಲ್ಕತ್ತೆಗೆ ಹೋದಂತಾಯಿತು.

ಅವರನ್ನು ದೂರಲು ನನಗೆ ಮನಸ್ಸಿಲ್ಲ. ಕೇರಿಯ ಕ್ಲಬ್ಬು ಆಟಗಾರನಿಗೆ ಅಂಗಿ ಕೊಟ್ಟೀತು, ಪಂದ್ಯದ ದಿನ ಊಟ ಹಾಕೀತು, ಗೆದ್ದು ಬಂದಾಗ ಹಾರ ಹಾಕಿ ಮೆರವಣಿಗೆ ಮಾಡೀತು. ತಿಂಗಳ ಒಂದನೆಯ ತಾರೀಖು ಮನೆಯವರ ಕೈಗೆ ಸಂಬಳ ಇಡಲಾರದು. ಕಲ್ಕತ್ತೆಯಲ್ಲಿ ಆಟ ನೋಡಲು ಸಾವಿರಗಟ್ಟಲೆ ಜನ ಸೇರುತ್ತಿದ್ದರು. ಕ್ಲಬ್ಬಿಗೆ ಹಣವಿತ್ತು, ಆಟಗಾರನಿಗೆ ಎಲ್ಲಾದರೂ ಒಂದು ನೌಕರಿ ಕೊಡಿಸುವ ದೊಡ್ಡವರಿದ್ದರು. ಬೆಂಗಳೂರಿನ ಕ್ಲಬ್ಬು ಮೂರು ಬಾರಿಯಲ್ಲ, ಹತ್ತು ಬಾರಿ ಕಪ್ಪು ಗೆದ್ದಿದ್ದರೂ ಈ ಲೆಕ್ಕದಲ್ಲಿ ಸೋಲುತ್ತಿತ್ತು. ಅಹಮದ್ ಖಾನರ ಹಿಂದೆಯೂ ಈ ಸಾಲು ನಿಲ್ಲಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದಾಗ ತಂಡದಲ್ಲಿದ್ದ ಕೆಂಪಯ್ಯ, 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ, ಇವರೂ ಬೆಂಗಳೂರಿನ ಮಣ್ಣಿನವರು. ಇವರೂ ಮೋಹನ್ ಬಾಗಾನಿನಲ್ಲಿ ಆಡಿದರು.

ಬರಿಗಾಲಿನ ಆಟದ ಕಡೆಯ ಅಧ್ಯಾಯವನ್ನು ಬರೆದವರೂ ಅಹಮದ್ ಖಾನರೇ ಎನ್ನಬಹುದು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯ ನಮ್ಮ ಮೇಲೆ 10 ಗೋಲು ಸುರಿಯಿತು. ನಮ್ಮ ಕಡೆಯಿಂದ ಬಂದ ಒಂದೇ ಒಂದು ಗೋಲು ಅಹಮದ್ ಖಾನರದು. ಆ ಚಳಿಯ ನಾಡಿನಲ್ಲಿ ಬರಿಗಾಲು ಪಟ್ಟ ಪಾಡನ್ನು ಕಂಡ ಮೇಲೆ ನಮ್ಮ ಫೆಡರೇಷನ್ನಿನವರು ಬೂಟು ಕಡ್ಡಾಯ ಮಾಡಿದರು.

ಮರುವರ್ಷ 1953ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ಬು ರಷ್ಯಕ್ಕೆ ಹೋಗಿ ಮಾಸ್ಕೋದ ಟಾರ್ಪೆಡೊ ತಂಡದೊಡನೆ 3-3ರಿಂದ ಸಮ ಮಾಡಿಕೊಂಡು ಬಂದಿತು. ಈ ಟಾರ್ಪೆಡೊ ಯಾರು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು; ನಮ್ಮ ಬೆಂಗಳೂರಿನ ಕಥೆಗೆ ಅದರಿಂದ ಬೆಳಕು ಬೀಳುತ್ತದೆ.

ಟಾರ್ಪೆಡೊ ಎಂಬುದು ಒಂದು ಮೋಟಾರು ಕಾರ್ಖಾನೆಯ ತಂಡ. ಲಾರಿಗಳನ್ನೂ ಸರ್ಕಾರದ ದೊಡ್ಡ ಮನುಷ್ಯರು ಓಡಾಡುವ ಕಾರುಗಳನ್ನೂ ತಯಾರಿಸುತ್ತಿದ್ದ ಜಿಲ್ ಕಾರ್ಖಾನೆ ಅದರ ತಾಯಿಮನೆ. ಸೋವಿಯತ್ ಕಾಲದಲ್ಲಿ ಮಾಸ್ಕೋದ ಒಂದೊಂದು ತಂಡಕ್ಕೂ ಹೀಗೆ ಒಂದೊಂದು ಆಸರೆ: ಲೋಕೊಮೋಟಿವ್ ತಂಡ ರೈಲ್ವೆಯದು, ಸಿ.ಎಸ್.ಕೆ.ಎ. ಸೈನ್ಯದ್ದು, ಡೈನಮೊ ಪೋಲೀಸು ಮತ್ತು ಗುಪ್ತಚಾರ ಇಲಾಖೆಯದು. ಸ್ಪಾರ್ಟಕ್ ಒಂದು ಮಾತ್ರ ಕಸುಬಿನವರ ಸಹಕಾರ ಸಂಘಗಳನ್ನು ನಂಬಿ ಬೆಳೆಯಿತು. ಅದನ್ನು ಕಟ್ಟಿದ ನಿಕೊಲಾಯ್ ಸ್ತಾರೊಸ್ತಿನ್ ಮತ್ತವರ ಸಹೋದರರು ಸ್ಟಾಲಿನ್ನನ ಕಾಲದಲ್ಲಿ ಸೆರೆಶಿಬಿರ ಕಂಡು ಬಂದರು. ಅಲ್ಲಿಯ ಆಟಗಾರ ಕಾಗದದ ಮೇಲೆ ಹವ್ಯಾಸಿ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಅವನು ಒಬ್ಬ ಫಿಟ್ಟರು, ಸೈನ್ಯದ ಪಟ್ಟಿಯಲ್ಲಿ ಒಬ್ಬ ಸುಬೇದಾರ. ದಿನವಿಡೀ ಮಾಡುತ್ತಿದ್ದ ಕೆಲಸ ಮಾತ್ರ ಚೆಂಡಿನದು. 1956ರಲ್ಲಿ ಮೆಲ್ಬರ್ನಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು ಇಂಥ ‘ಹವ್ಯಾಸಿ’ಗಳೇ.

ಈ ಏರ್ಪಾಡನ್ನು ಕಂಡು ನಾವು ನಗುವಂತಿಲ್ಲ. ಏಕೆಂದರೆ ಅದೇ ಹೊತ್ತಿಗೆ ಬೆಂಗಳೂರಿನಲ್ಲಿಯೂ ಇದರ ತಮ್ಮನಂಥ ಏರ್ಪಾಡೊಂದು ಚಿಗುರುತ್ತಿತ್ತು. 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಬಂದಿತ್ತು. 1948ರಲ್ಲಿ ದೂರವಾಣಿನಗರದ ಐ.ಟಿ.ಐ., 1953ರಲ್ಲಿ ಗಡಿಯಾರಕ್ಕೆ ಹೆಸರಾದ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು. ಸೈನ್ಯದ ಎಂ.ಇ.ಜಿ., ಎ.ಎಸ್.ಸಿ. ತಂಡಗಳು ಮೊದಲೇ ಇದ್ದವು. ಕಾರ್ಖಾನೆಗಳು ಕ್ರೀಡೆಯ ಲೆಕ್ಕದಲ್ಲಿ ಹುಡುಗರನ್ನು ಕೆಲಸಕ್ಕೆ ತೆಗೆದುಕೊಂಡವು. ಗೌತಮಪುರದ, ಆಸ್ಟಿನ್ ಟೌನಿನ ಹುಡುಗನಿಗೆ ಹೊಟ್ಟೆಯ ಪಾಡಿಗೆ ಕಲ್ಕತ್ತೆಯ ರೈಲು ಹತ್ತಬೇಕಾದ ಅಗತ್ಯ ಕಡಿಮೆಯಾಯಿತು. ಬೆಳಗ್ಗೆ ಅಭ್ಯಾಸ, ಆಮೇಲೆ ಪಾಳಿ, ಪಂದ್ಯವಿದ್ದ ದಿನ ರಜೆ. ತಿಂಗಳಿಗೆ ಸಂಬಳ, ಇರಲು ಕ್ವಾರ್ಟರ್ಸು, ಕಾಲು ಸೋತ ಮೇಲೆ ಪಿಂಚಣಿ.

ಹುಡುಗಿ ಕೊಡುವ ಮನೆಯವರು ‘ಹುಡುಗ ಏನು ಮಾಡುತ್ತಾನೆ?’ ಎಂದು ಕೇಳಿದರೆ, ‘ಫುಟ್‌ಬಾಲ್ ಆಡುತ್ತಾನೆ’ ಎನ್ನುವುದಕ್ಕೂ ‘ಎಚ್.ಎ.ಎಲ್.ನಲ್ಲಿದ್ದಾನೆ’ ಎನ್ನುವುದಕ್ಕೂ ಎಷ್ಟು ಅಂತರವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಸಂತೋಷ್ ಟ್ರೋಫಿಯ ಪಟ್ಟಿಯನ್ನು ಈ ಬೆಳಕಿನಲ್ಲಿ ಓದಿ ನೋಡಿ. 1946-47ರ ಗೆಲುವು ಕೇರಿಯ ಕ್ಲಬ್ಬುಗಳ ಕಾಲದ್ದು. ಆಗ ದಂಡು ಪ್ರದೇಶ ಇನ್ನೂ ಮಹಾರಾಜರ ಆಡಳಿತಕ್ಕೆ ಸೇರಿರಲಿಲ್ಲ. ಇಂಗ್ಲಿಷರು ಅದನ್ನು ಮೈಸೂರಿಗೆ ಹಿಂದಿರುಗಿಸಿದ್ದು 1947ರ ಜುಲೈನಲ್ಲಿ. ಅಂದರೆ ನೆಲ ಕೈಗೆ ಬರುವುದಕ್ಕೆ ಮೊದಲೇ ಆ ನೆಲದ ಹುಡುಗರು ಮೈಸೂರಿಗೆ ಕಪ್ಪು ಗೆದ್ದುಕೊಟ್ಟಿದ್ದರು! 1967-68 ಹಾಗೂ 1968-69ರ ಗೆಲುವುಗಳಾದರೋ ಕಾರ್ಖಾನೆಗಳು ಬೇರೂರಿದ ಕಾಲದವು. ಮೊದಲನೆಯದನ್ನು ಕಟಕದಲ್ಲಿ, ಎರಡನೆಯದನ್ನು ಬೆಂಗಳೂರಿನಲ್ಲಿ ಗೆದ್ದರು. ಬೆಂಗಳೂರಿನಲ್ಲಿ ಮೊದಲ ದಿನ ಗೋಲಿಲ್ಲದೆ ಸಮವಾಗಿ, ಮರುಪಂದ್ಯದಲ್ಲಿ ಒಂದು ಗೋಲಿನಿಂದ ತೀರ್ಮಾನವಾಯಿತು.

ಕಾರ್ಖಾನೆಯ ಆಸರೆಗೂ ಒಂದು ಆಯುಸ್ಸು ಇರುತ್ತದೆ. ಮಾಸ್ಕೋದಲ್ಲಿ 1991ರಲ್ಲಿ ಸೋವಿಯತ್ ಒಕ್ಕೂಟವೇ ಮುರಿದುಬಿತ್ತು. ಜಿಲ್ ಕಾರ್ಖಾನೆಗೆ ತನ್ನ ಹೊಟ್ಟೆ ಹೊರೆಯುವುದೇ ಕಷ್ಟವಾಗಿ, 1960ರಲ್ಲಿ, 1965ರಲ್ಲಿ ದೇಶದ ಚಾಂಪಿಯನ್ ಆಗಿದ್ದ ಟಾರ್ಪೆಡೊವನ್ನು 1996ರಲ್ಲಿ ಕ್ರೀಡಾಂಗಣದ ಒಡೆಯರಿಗೆ ಮಾರಿಬಿಟ್ಟಿತು. ಅದೇ 1996ರಲ್ಲಿ ವಿಜಯನಗರದ ನೆರೆಯ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಗೆ ಬೀಗ ಬಿದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. 1961ರಿಂದ ಮೋಟಾರು ಸೈಕಲ್ಲು ಮಾಡುತ್ತಿದ್ದ ಕಾರ್ಖಾನೆ ನಿಂತಾಗ ಸುತ್ತಿನ ಬೀದಿಗಳಲ್ಲಿ ಏನೇನು ನಿಂತಿತೆಂದು ಆ ಮನೆಗಳವರನ್ನು ಕೇಳಬೇಕು. ಕಾರ್ಖಾನೆ ಬರಿಯ ಕಾರ್ಖಾನೆಯಾಗಿರುವುದಿಲ್ಲ. ಅದರ ನೆರಳಿನಲ್ಲಿ ಅಂಗಡಿ, ಹೋಟೆಲು, ನಾಟಕದ ಗುಂಪು, ಆಟದ ತಂಡ ಬದುಕಿರುತ್ತವೆ.

ಬೆಂಗಳೂರಿನ ಕಾರ್ಖಾನೆಗಳಿಗೆ ಒಂದೇ ದಿನ ಬೀಗ ಬೀಳಲಿಲ್ಲ. ನಿಧಾನವಾಗಿ ಹೊಸ ನೇಮಕ ಕಡಿಮೆಯಾಯಿತು. ಹಳೆಯ ಆಟಗಾರ ನಿವೃತ್ತನಾದ. ಅವನ ಜಾಗಕ್ಕೆ ಎಳೆಯ ಆಟಗಾರ ಬರಲಿಲ್ಲ. ಎಂಥ ತಂಡವಾದರೂ ಮೂವತ್ತೈದು ವರ್ಷದವರನ್ನಿಟ್ಟುಕೊಂಡು ಎಷ್ಟು ದಿನ ಓಡೀತು? ಐ.ಟಿ.ಐ. ಹಿಂದೆ ಬಿದ್ದಿತು. ಎಚ್.ಎ.ಎಲ್. ತಂಡ ದೇಶದ ಮೇಲಿನ ದರ್ಜೆಯ ಐ-ಲೀಗಿನಲ್ಲಿ ಹೆಣಗುತ್ತಲೇ ಇದ್ದು 2011-12ರ ಸಾಲಿನ ಕೊನೆಗೆ ಕೆಳಗಿನ ದರ್ಜೆಗೆ ಇಳಿಯಿತು. ಎದುರಿನ ತಂಡಗಳಲ್ಲಿ ಹೊರದೇಶದ ಆಟಗಾರರು ಲಕ್ಷಗಟ್ಟಲೆ ಪಡೆದು ಆಡುತ್ತಿದ್ದಾಗ, ತಿಂಗಳ ಸಂಬಳದ ಕಾರ್ಖಾನೆಯ ನೌಕರರೇ ಅವರೆದುರು ಆಡಿದ ತಂಡ ಅದು. ಆ ಸೋಲನ್ನು ನಾನು ಸೋಲೆಂದು ಎಣಿಸಲಾರೆ. ಇತ್ತ ರೋವರ್ಸ್ ಕಪ್ಪಿನ ಪಂದ್ಯಾವಳಿಯೇ ಹೊಸ ಶತಮಾನದ ಹೊಸ್ತಿಲಲ್ಲಿ ನಿಂತುಹೋಗಿತ್ತು.

ಎಚ್.ಎ.ಎಲ್. ಇಳಿದ ಮರುವರ್ಷ, 2013ರ ಜುಲೈನಲ್ಲಿ, ಜೆ.ಎಸ್.ಡಬ್ಲ್ಯು. ಎಂಬ ಉಕ್ಕಿನ ಕಂಪನಿಯವರು ಬೆಂಗಳೂರು ಎಫ್.ಸಿ. ಎಂಬ ಹೊಸ ಕ್ಲಬ್ಬನ್ನು ಹುಟ್ಟುಹಾಕಿದರು. ಅದರ ಕಥೆಯನ್ನು ನಿಮ್ಮ ಮನೆಯ ಮಕ್ಕಳೇ ನನಗಿಂತ ಚೆನ್ನಾಗಿ ಹೇಳುತ್ತಾರೆ. ಮೊದಲ ವರ್ಷವೇ ಐ-ಲೀಗ್ ಗೆದ್ದರು. 2016ರಲ್ಲಿ ಏಷ್ಯಾ ಖಂಡದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ತಲುಪಿ ಇರಾಕಿನ ತಂಡಕ್ಕೆ ಒಂದು ಗೋಲಿನಿಂದ ಸೋತರು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ 2022ರಲ್ಲಿ ಡ್ಯುರಾಂಡ್ ಕಪ್ಪನ್ನೂ ಗೆದ್ದರು. ಇಲ್ಲಿ ಆಟವೇ ಉದ್ಯೋಗ. ಫಿಟ್ಟರಿನ ವೇಷವಿಲ್ಲ, ಹಾಜರಿ ಪುಸ್ತಕದ ಸುಳ್ಳಿಲ್ಲ. ಆಟಗಾರ ದುಡಿದಷ್ಟು ಕಾಲ ಕೈತುಂಬ ಹಣ. ಮೊಣಕಾಲು ಮುರಿದರೆ ಕರಾರು ಮುಗಿಯುವವರೆಗೆ ಮಾತ್ರ ಆಸರೆ. ಕ್ವಾರ್ಟರ್ಸೂ ಇಲ್ಲ, ಪಿಂಚಣಿಯೂ ಇಲ್ಲ. ಇವೆರಡರಲ್ಲಿ ಯಾವುದು ಮೇಲು ಎಂದು ಆರಿಸುವ ಭಾಗ್ಯ ಕೇರಿಯ ಹುಡುಗನಿಗೆ ಈಗ ಇಲ್ಲ. ಕಾರ್ಖಾನೆಯ ಬಾಗಿಲು ಮುಚ್ಚಿದೆ, ದೊಡ್ಡ ಕ್ಲಬ್ಬಿನ ಬಾಗಿಲು ಕಿರಿದು. ಕ್ಲಬ್ಬಿನ ಹೆಸರಿನಲ್ಲಿ ಬೆಂಗಳೂರಿದೆ, ಆಡುವ ಹನ್ನೊಂದು ಜನರಲ್ಲಿ ಬೆಂಗಳೂರಿನವರನ್ನು ಹುಡುಕಿ ಎಣಿಸಬೇಕು ಎಂದು ಹಳಬರು ಗೊಣಗುತ್ತಾರೆ. ಆ ಗೊಣಗಾಟವನ್ನು ಕೇಳಿದಾಗ ನನಗೆ ಪಂಚಪಾಂಡವರು ನೆನಪಾಗುತ್ತಾರೆ. ಕಲ್ಕತ್ತೆಯವರೂ 1949ರಲ್ಲಿ ಹೀಗೆಯೇ ಗೊಣಗಬಹುದಾಗಿತ್ತು. ಅವರು ಮುದ್ದಿನ ಹೆಸರಿಟ್ಟು ಕುಣಿದಾಡಿದರು.

ಹಲಸೂರಿನ ಬಳಿಯ ಗೌತಮಪುರಕ್ಕೆ ಎಂದಾದರೂ ಹೋದರೆ ಒಂದು ವಿಗ್ರಹ ನೋಡಿ ಬನ್ನಿ. ಯಾವ ದೇಶದ ಯಾವ ಊರಿನವನೋ ಆದ ಪೆಲೆಯ ವಿಗ್ರಹವನ್ನು ಆ ಕೇರಿಯವರು ನಿಲ್ಲಿಸಿದ್ದಾರೆ. 1937ರ ಬೆಂಗಳೂರ್ ಮುಸ್ಲಿಮ್ಸ್ ತಂಡಕ್ಕೂ ನಗರದಲ್ಲಿ ಇಂಥದೊಂದು ಕಲ್ಲು ಇರಬೇಕಿತ್ತು ಎಂದು ನನ್ನ ಆಸೆ.

ಸಂತೋಷ್ ಟ್ರೋಫಿಯ ಪಟ್ಟಿಗೆ ನಮ್ಮ ಹೆಸರು ಮತ್ತೆ ಸೇರಲು 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕಪ್ಪು ಗೆದ್ದರು. ಮೊದಲ ಅರ್ಧ ಮುಗಿಯುವುದರೊಳಗೆ ಮೂರು ಗೋಲುಗಳೂ ಬಿದ್ದಿದ್ದವು. ಉಳಿದರ್ಧವೆಲ್ಲ ಅವನ್ನು ಕಾಯುವ ಕೆಲಸ. ಈ ಬಾರಿ ಪಟ್ಟಿಯಲ್ಲಿ ಅಚ್ಚಾದ ಹೆಸರು ‘ಕರ್ನಾಟಕ’ ಎಂದು.